ಮುಖ ತೆಗೀರಿ

ದಾವಣಗೆರೆಯ ಹಳೇ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನಿರ್ಮಲಮ್ಮನವರ ಖಾನಾವಳಿ ಇದೆ. ಅಲ್ಲಿ ಊಟಕ್ಕೆ ಕೂತವರಿಗೆಲ್ಲ ಅಡುಗೆಮನೆಯಿಂದ ಟಪಟಪ ಸದ್ದು ಕೇಳುತ್ತದೆ. ಉಚ್ಚೆಂಗೆಮ್ಮ ರೊಟ್ಟಿ ಬಡಿಯುವ ಸದ್ದು ಅದು. ಹದಿನಾಲ್ಕು ವರ್ಷದಿಂದ ದಿನಕ್ಕೆ ಇನ್ನೂರೈವತ್ತು ಜೋಳದ ರೊಟ್ಟಿ ಬಡಿದ ಕೈ. ಬಾಯಿಯೂ ಕೈಗೆ ತಕ್ಕ ಹಾಗೆ ಜೋರು. ಹಿಟ್ಟಿಗೆ ನೀರು ಹೆಚ್ಚಾದರೆ ನೀರಿಗೂ ಬೈಗುಳ, ಹಿಟ್ಟಿಗೂ ಬೈಗುಳ, ಆ ಹೊತ್ತಿಗೆ ಎದುರಿಗೆ ಬಂದವರಿಗೂ ಒಂದು ಪಾಲು. ಯಜಮಾನಿ ನಿರ್ಮಲಮ್ಮನವರೇ ಊಟದ ಹೊತ್ತಿನಲ್ಲಿ ಒಲೆಯ ಕಡೆ ತಲೆ ಹಾಕುವುದಿಲ್ಲ. ಆದರೆ ಬೈದ ಅರ್ಧ ಗಂಟೆಗೆ ಉಚ್ಚೆಂಗೆಮ್ಮನೇ ಬಿಸಿ ರೊಟ್ಟಿಗೆ ಬೆಣ್ಣೆ ಸವರಿ, "ತಗೋ, ತಿನ್ನು, ಮುಖ ಊದಿಸ್ಕೊಂಡು ಕೂಡ್ರಬ್ಯಾಡ" ಎಂದು ಕೊಡುತ್ತಾಳೆ. ಬೈಸಿಕೊಂಡವರಿಗೆ ಲಾಭವೇ.

ಅವಳ ಗಂಡ ಸಣ್ಣತಿಮ್ಮಪ್ಪ ಇದಕ್ಕೆ ತದ್ವಿರುದ್ಧ. ಹರಿಹರದಲ್ಲಿ ಹಳೇ ಪಿ.ಬಿ. ರಸ್ತೆಯ ಪಕ್ಕ, ಬೇವಿನ ಮರದ ಕೆಳಗೆ ಒಂದು ತಗಡಿನ ಶೆಡ್ ಹಾಕಿಕೊಂಡು ಲಾರಿಗಳ ತಾಡಪತ್ರಿ ಹೊಲಿಯುತ್ತಿದ್ದ. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುವ ಮನುಷ್ಯ. ಇಡೀ ದಿನದಲ್ಲಿ ಅವನು ಆಡುವ ಮಾತನ್ನು ಬಸ್ ಟಿಕೆಟಿನ ಹಿಂದೆ ಬರೆದಿಡಬಹುದಿತ್ತು. ಸಿಟ್ಟು ಬಂದರೂ ಅದು ಬಾಯಿಗೆ ಬರುತ್ತಿರಲಿಲ್ಲ, ಮುಖಕ್ಕೆ ಬರುತ್ತಿತ್ತು. ಎಡಗಣ್ಣಿನ ಹುಬ್ಬು ಒಂದಿಷ್ಟು ಮೇಲೇರಿ ಅಲ್ಲೇ ನಿಲ್ಲುತ್ತಿತ್ತು. ಅದು ಕೆಳಗಿಳಿಯಿತು ಎಂದರೆ ಸಿಟ್ಟೂ ಇಳಿಯಿತು ಎಂದು ಲೆಕ್ಕ. ಮೂವತ್ತು ವರ್ಷದ ಸಂಸಾರದಲ್ಲಿ ಉಚ್ಚೆಂಗೆಮ್ಮ ಶಾಲೆಗೆ ಹೋಗದೆ ಕಲಿತ ಅಕ್ಷರವೆಂದರೆ ಆ ಹುಬ್ಬೊಂದೇ.

ಇಬ್ಬರಿಗೂ ಇದ್ದವಳು ಒಬ್ಬಳೇ ಮಗಳು, ಪುಷ್ಪಲತಾ. ಆನಗೋಡಿಗೆ ಕೊಟ್ಟಿದ್ದರು. ಅಳಿಯ ತೋಟಪ್ಪ ಒಳ್ಳೆಯವನು. ಎರಡು ಸಾವಿರದ ಇಪ್ಪತ್ಮೂರರ ಜನವರಿ ಕೊನೆಯ ಭಾನುವಾರ, ಪುಷ್ಪಲತಾ ಏಳು ತಿಂಗಳ ಬಸುರಿ, ಬೀಗರ ಮನೆಯಲ್ಲಿ ಕುಬುಸದ ಕಾರ್ಯ. ಉಚ್ಚೆಂಗೆಮ್ಮ ಗಂಡನಿಗೆಂದು ಕೆನೆ ಬಣ್ಣದ ಹೊಸ ಶರ್ಟು ತಂದು, ಹಿಂದಿನ ದಿನವೇ ಇಸ್ತ್ರಿ ಮಾಡಿಸಿ, ಚೀಲದಲ್ಲಿಟ್ಟುಕೊಂಡು ಆನಗೋಡಿಗೆ ಹೋದಳು. ಅವನು ಹರಿಹರದಿಂದ ನೇರ ಬರಬೇಕಿತ್ತು. ಬರಲಿಲ್ಲ. ಮೆಕ್ಕೆಜೋಳ ತುಂಬಿದ್ದ ಯಾವುದೋ ಲಾರಿಯ ತಾಡಪತ್ರಿ ಹರಿದಿತ್ತು, ಮೋಡ ಕಟ್ಟಿತ್ತು, ಡ್ರೈವರ್ ಕೈಮುಗಿದು ನಿಂತಿದ್ದ. ಇಲ್ಲ ಎನ್ನುವುದು ಸಣ್ಣತಿಮ್ಮಪ್ಪನಿಗೆ ಗೊತ್ತಿರಲಿಲ್ಲ. ಉಡಿ ತುಂಬಿ, ಆರತಿ ಎತ್ತಿ, ಬಂದವರು ಉಂಡು ಎಲೆ ಎತ್ತಿದ ಮೇಲೆ, ಸಂಜೆ, ಕೈಯೆಲ್ಲ ತಾಡಪತ್ರಿಯ ಮೇಣ ಮಾಡಿಕೊಂಡು ಬಾಗಿಲಲ್ಲಿ ಬಂದು ನಿಂತ.

ಬೀಗಿತ್ತಿ ಅಷ್ಟು ಹೊತ್ತು ಕೊಂಕು ಮಾತಾಡಿ ಉಚ್ಚೆಂಗೆಮ್ಮನನ್ನು ಕುದಿಸಿಟ್ಟಿದ್ದಳು. ಉಕ್ಕಿದ್ದು ಗಂಡನ ಮೇಲೆ.

"ಮಗಳ ಕುಬುಸಕ್ಕಿಂತ ಲಾರಿ ಹೆಚ್ಚಾತೇನು ನಿನಗೆ? ಹೋಗು, ಲಾರಿ ಕೆಳಗೇ ಮಲಕ್ಕೊ. ಇನ್ನ ನಿನ್ನ ಮುಖ ತೋರಿಸಬ್ಯಾಡ ನನಗೆ!" ಎಂದವಳೇ ಶರ್ಟಿನ ಚೀಲವನ್ನೂ ಅವನ ಮೇಲೆ ಎಸೆದಳು.

ಸಣ್ಣತಿಮ್ಮಪ್ಪನ ಹುಬ್ಬು ಮೇಲೇರಿತು. ಬಗ್ಗಿ ಚೀಲ ಎತ್ತಿಕೊಂಡು, ಮಗಳನ್ನೊಮ್ಮೆ ನೋಡಿ, ಬಂದ ದಾರಿಯಲ್ಲೇ ಹೋದ. ಮನೆಗೂ ಬರಲಿಲ್ಲ. ಹರಿಹರದ ಶೆಡ್ಡಿನಲ್ಲೇ ಉಳಿದ. ಉಚ್ಚೆಂಗೆಮ್ಮ ಫೋನ್ ಮಾಡಲಿಲ್ಲ. ಮೊದಲು ಅವನೇ ಮಾಡಲಿ ಎಂಬ ಹಟ. ಶಿವರಾತ್ರಿ ಬಂತು, ಉಪವಾಸವೂ ಆಯಿತು, ಹಟ ಮಾತ್ರ ಮುರಿಯಲಿಲ್ಲ. ಶಿವರಾತ್ರಿಯಾದ ಎರಡನೇ ದಿನ, ಫೆಬ್ರವರಿ ಇಪ್ಪತ್ತಕ್ಕೆ, ರಿವರ್ಸ್ ಬರುತ್ತಿದ್ದ ಒಂದು ಲಾರಿ, ಹಿಂದೆ ಕೂತು ತಾಡಪತ್ರಿ ಹೊಲಿಯುತ್ತಿದ್ದ ಅವನ ಮೇಲೆ ಹರಿಯಿತು.

ಹುಟ್ಟೂರು ಕೊಕ್ಕನೂರಿನಲ್ಲಿ ಮಣ್ಣು ಮಾಡಿದರು. ಮಣ್ಣು ಹಾಕುವ ಮುಂಚೆ ಬಟ್ಟೆ ಸರಿಸಿ, ಬಂಧುಬಳಗಕ್ಕೆ ಕೊನೆಯ ಸಲ ಮುಖ ತೋರಿಸುವುದು ನಮ್ಮ ಕಡೆಯ ಪದ್ಧತಿ. "ಮುಖ ತೆಗೀರಪ್ಪ, ಹೆಣ್ಮಕ್ಕಳು ನೋಡ್ಲಿ" ಎಂದು ಯಾರಾದರೂ ಹಿರಿಯರು ಹೇಳುತ್ತಾರೆ. ಅವತ್ತು ಯಾರೂ ಹೇಳಲಿಲ್ಲ. ಉಚ್ಚೆಂಗೆಮ್ಮನೇ ಕೂಗಿಕೊಂಡಳು.

"ಮುಖ ತೆಗೀರ್ರಿ! ಒಂದ್ಸಲ ನೋಡ್ತೀನಿ, ಮುಖ ತೆಗೀರ್ರಿ!"

"ಬ್ಯಾಡ ಬಿಡವ್ವ, ನೋಡಂಗಿಲ್ಲ" ಎಂದು ನಾಲ್ಕು ಜನ ಅವಳನ್ನು ಹಿಡಿದುಕೊಂಡರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡಿದ ಮಾತು ಎಲ್ಲಿಗೂ ಹೋಗಿರಲಿಲ್ಲ, ಉಚ್ಚೆಂಗೆಮ್ಮನ ಎದೆಯಲ್ಲೇ ಕೂತಿತ್ತು. ಅವನು ಸಿಟ್ಟಿನಲ್ಲೇ ಸತ್ತನೋ, ಸಿಟ್ಟು ಇಳಿದ ಮೇಲೆ ಸತ್ತನೋ? ಅವಳಿಗೆ ತಿಳಿಯಬೇಕಾಗಿದ್ದು ಇಷ್ಟೇ. ಮಗಳನ್ನು ಕೇಳೋಣವೆಂದರೆ, ಅವತ್ತಿನಿಂದ ಪುಷ್ಪಲತಾ ಫೋನಿನಲ್ಲಿ ಹ್ಞೂಂ, ಉಹ್ಞೂಂ ಬಿಟ್ಟು ಹೆಚ್ಚಿಗೆ ಆಡುತ್ತಿರಲಿಲ್ಲ. ಅಪ್ಪನ ಮಾತು ತೆಗೆದರೆ "ಮಗು ಅಳ್ತೈತೆ, ಇಡ್ತೀನಿ" ಎನ್ನುತ್ತಿದ್ದಳು. ಅಪ್ಪನನ್ನು ನುಂಗಿದವಳು ನಾನೇ ಎಂದು ಮಗಳು ತೀರ್ಮಾನಿಸಿದ್ದಾಳೆ ಎಂದುಕೊಂಡು ಉಚ್ಚೆಂಗೆಮ್ಮ ಸುಮ್ಮನಾದಳು.

ಹೀಗೆ ಎರಡೂಮುಕ್ಕಾಲು ವರ್ಷ ಹೋಯಿತು.

ಖಾನಾವಳಿಯಿಂದ ಅವಳು ಮನೆಗೆ ಹೋಗುವ ದಾರಿಯಲ್ಲಿ ಬುಷ್ರಾ ಎಂಬ ಹುಡುಗಿಯ ಆನ್‌ಲೈನ್ ಸೆಂಟರ್ ಇದೆ. ರೇಷನ್ ಕಾರ್ಡು, ಪಹಣಿ, ಜಾತಿ-ಆದಾಯದ ಅರ್ಜಿ, ಎಲ್ಲ ಅಲ್ಲೇ. ಬಿ.ಕಾಂ. ಓದಿದ ಚುರುಕಿ. ಯಾವ ಅರ್ಜಿಯಲ್ಲಿ ಯಾವ ಖಾನೆ ತುಂಬಬೇಕು ಎಂಬುದರಲ್ಲಿ ತಾಲ್ಲೂಕು ಆಫೀಸಿನವರೇ ಅವಳ ಮುಂದೆ ಕಡಿಮೆ. ರೇಷನ್ ಕಾರ್ಡಿನ ಕೆಲಸಕ್ಕೆಂದು ಉಚ್ಚೆಂಗೆಮ್ಮ ಹೋದ ದಿನ ಅಲ್ಲಿ ಏಳೆಂಟು ಜನ ಕಂಪ್ಯೂಟರಿಗೆ ಮುತ್ತಿಗೆ ಹಾಕಿದ್ದರು. ಪರದೆಯ ಮೇಲೆ ಭೂಮಿ ಗುಂಡಗೆ ತಿರುಗುತ್ತಿತ್ತು. ಒತ್ತಿದರೆ ದೇಶ, ಮತ್ತೆ ಒತ್ತಿದರೆ ಊರು, ಇನ್ನೊಮ್ಮೆ ಒತ್ತಿದರೆ ನಿರ್ಮಲಮ್ಮನವರ ಖಾನಾವಳಿಯ ಮೇಲಿನ ನೀರಿನ ಟ್ಯಾಂಕು.

"ಇದು ಮೊದಲೇ ಇತ್ತು ಅಕ್ಕಾ, ಈಗ ಹೊಸದೊಂದು ಕೊಟ್ಟಾರ," ಎಂದಳು ಬುಷ್ರಾ. "ರಸ್ತೇಲಿ ಕ್ಯಾಮೆರಾ ಕಾರು ಓಡಾಡಿ ಫೋಟೊ ತೆಗೆದಿರ್ತಾವಲ್ಲ, ಹಳೇ ವರ್ಷದ್ದೂ ನೋಡಬಹುದು ಈಗ. ಈ ಗೆರೆ ಹಿಂದಕ್ಕೆ ಎಳೆದ್ರೆ ಕಾಲ ಹಿಂದಕ್ಕೆ ಹೋಗ್ತೈತೆ."

ಉಚ್ಚೆಂಗೆಮ್ಮ ರೇಷನ್ ಕಾರ್ಡನ್ನು ಮರೆತಳು. "ಹರಿಹರ ತೋರಿಸವ್ವ," ಎಂದಳು. "ಪಿ.ಬಿ. ರಸ್ತೆ. ಬೇವಿನ ಮರ."

ಮೊದಲು ಕಂಡದ್ದು ಹೊಸ ಚಿತ್ರ. ಮರವಿತ್ತು, ಶೆಡ್ಡಿರಲಿಲ್ಲ. ಅಲ್ಲೊಂದು ಟೈರಿನ ಅಂಗಡಿ ಬಂದಿತ್ತು. ಬುಷ್ರಾ ಗೆರೆಯನ್ನು ಹಿಂದಕ್ಕೆ ಎಳೆದಳು. ಟೈರಿನ ಅಂಗಡಿ ಹೋಗಿ ತಗಡಿನ ಶೆಡ್ ಬಂತು. ಶೆಡ್ಡಿನ ಮುಂದೆ, ತೊಡೆಯ ಮೇಲೆ ತಾಡಪತ್ರಿ ಹರವಿಕೊಂಡು, ರಸ್ತೆಯ ಕಡೆ ತಲೆ ಎತ್ತಿ ಕೂತಿದ್ದವನು ಸಣ್ಣತಿಮ್ಮಪ್ಪ. ಮೂಲೆಯಲ್ಲಿ ಬರೆದಿದ್ದನ್ನು ಬುಷ್ರಾ ಓದಿದಳು: ಫೆಬ್ರವರಿ 2023.

ಉಚ್ಚೆಂಗೆಮ್ಮ ಜನರನ್ನು ಸರಿಸಿ ಪರದೆಯ ಹತ್ತಿರ ಬಂದಳು. ಪಕ್ಕದಲ್ಲಿದ್ದವರು ಸ್ಟೂಲು ಕೊಟ್ಟರು. ಫೆಬ್ರವರಿ ಎಂದರೆ ಕುಬುಸ ಆದ ಮೇಲೆ, ಲಾರಿಗೆ ಮೊದಲು. ಅವಳು ನೋಡದೇ ಹೋದ ಆ ಇಪ್ಪತ್ತೆರಡು ದಿನಗಳಲ್ಲೇ ಒಂದು ದಿನ ಅದು. ಇನ್ನೂ ಒಂದಿತ್ತು. ಅವನ ಮೈಮೇಲೆ ಕೆನೆ ಬಣ್ಣದ ಶರ್ಟಿತ್ತು. ಹಳೇ ಬನಿಯನ್ನಿನಲ್ಲಿ ಕೂತು ಕೆಲಸ ಮಾಡುತ್ತಿದ್ದ ಮನುಷ್ಯ, ಮೇಣದ ಕೆಲಸಕ್ಕೆ ಹೊಸ ಶರ್ಟು ಯಾಕೆ ಹಾಕಿಕೊಂಡ? ಮುಖ ನೋಡಿದರೆ ಗೊತ್ತಾಗುತ್ತಿತ್ತು. ಆದರೆ ಕುತ್ತಿಗೆಯ ಮೇಲೆ ಮುಖವೇ ಇರಲಿಲ್ಲ, ನೀರಲ್ಲಿ ಕಲಸಿದ ಹಿಟ್ಟಿನಂಥ ಒಂದು ಮಸುಕು.

"ಎಲ್ಲರ ಮುಖಾನೂ ಹಿಂಗೇ ಮಾಡ್ತಾರ ಅಕ್ಕಾ. ಕಂಪನಿಯವರ ರೂಲ್ಸು," ಎಂದಳು ಬುಷ್ರಾ.

"ರೂಲ್ಸಿರ್ಲಿ. ನಾನು ಹೆಂಡ್ತಿ ಅಲ್ಲೇನು? ನನಗೆ ತೋರಿಸಾಕೆ ಏನು ಕಷ್ಟ ಅವರಿಗೆ? ಅರ್ಜಿ ಹಾಕು."

ಬುಷ್ರಾಗೆ ಅರ್ಜಿ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಕೈ ತಾನಾಗಿ ಓಡುತ್ತದೆ. ಹುಡುಕಿದಳು, ಚಿತ್ರದ ಬಗ್ಗೆ ದೂರು ಕೊಡುವ ಒಂದು ಫಾರಂ ಇತ್ತು. ಯಾವುದರ ಬಗ್ಗೆ ಎಂದು ಕೇಳಿತ್ತು: ಮುಖ, ಮನೆ, ಗಾಡಿ ನಂಬರು. ಮುಖಕ್ಕೆ ಗುರುತು ಹಾಕಿದಳು. ಚಿತ್ರದ ಮೇಲೆ ಚೌಕ ಎಳೆಯಬೇಕಿತ್ತು. ಯಜಮಾನರು ಪೂರ್ತಿ ಒಳಗೆ ಬರಲಿ ಎಂದು ತಲೆಯಿಂದ ಕಾಲಿನವರೆಗೆ ದೊಡ್ಡ ಚೌಕವನ್ನೇ ಎಳೆದಳು. ಮರಣ ಪತ್ರ, ಆಧಾರ್ ಲಗತ್ತಿಸಲು ಜಾಗವಿರಲಿಲ್ಲ ಎಂಬುದೊಂದೇ ಅವಳ ಬೇಸರ.

"ವಿವರ ಬರೀರಿ ಅಂತೈತೆ. ಏನು ಬರೀಲಿ ಅಕ್ಕಾ?"

ಉಚ್ಚೆಂಗೆಮ್ಮ ಯೋಚಿಸಲೇ ಇಲ್ಲ. "ಸ್ವಾಮಿ, ಇವರು ನನ್ನ ಯಜಮಾನ್ರು. ತೀರಿಕೊಂಡಾರ. ದಯಮಾಡಿ ಇವರ ಮುಖ ತೆಗೀರಿ. ಅಷ್ಟೇ ಬರಿ."

ಬುಷ್ರಾ ಅಷ್ಟೇ ಬರೆದಳು.

ಉತ್ತರ ಬರಲು ಒಂಬತ್ತು ದಿನ ಹಿಡಿಯಿತು. ಆ ಒಂಬತ್ತು ದಿನವೂ ಉಚ್ಚೆಂಗೆಮ್ಮ ಖಾನಾವಳಿಯಿಂದ ನೇರ ಸೆಂಟರಿಗೆ ಬಂದು "ಬಂತಾ?" ಎಂದು ಕೇಳಿ, ಇಲ್ಲವೆಂದರೆ ಆ ಶರ್ಟನ್ನೇ ಸ್ವಲ್ಪ ಹೊತ್ತು ನೋಡಿ ಹೋಗುತ್ತಿದ್ದಳು. ಅಡುಗೆಮನೆಯಲ್ಲಿ ಬೈಗುಳ ನಿಂತುಹೋಗಿತ್ತು. ಮೈ ಹುಷಾರಿಲ್ಲವೇನೋ ಎಂದು ನಿರ್ಮಲಮ್ಮನವರಿಗೆ ಚಿಂತೆಯಾಯಿತು. ಒಂದು ದಿನ ಬುಷ್ರಾ, "ಈ ಫೋಟೊ ನಿಮ್ಮ ಮೊಬೈಲಿಗೆ ಹಾಕಿಕೊಡ್ಲಾ? ಪುಷ್ಪಲತಾಗೂ ಕಳಿಸಬಹುದು" ಎಂದಳು.

"ಈಗ ಬ್ಯಾಡ," ಎಂದಳು ಉಚ್ಚೆಂಗೆಮ್ಮ. "ಮುಖ ಇಲ್ಲದ ಪಟ ಮನೇಲಿ ಇಡಬಾರದು. ಮುಖ ಬರ್ಲಿ, ಆಮೇಲೆ ಕಳಿಸಾಣ. ನಿಮ್ಮಪ್ಪ ಸಿಟ್ಟಾಗಿರ್ಲಿಲ್ಲ ನೋಡು ಅಂತ ಅವಳಿಗೂ ತೋರಿಸ್ತೀನಿ."

ಹತ್ತನೇ ದಿನ ಬುಷ್ರಾಳೇ ಖಾನಾವಳಿಗೆ ಓಡಿ ಬಂದಳು. "ಅಕ್ಕಾ, ಒಪ್ಪಿಕೊಂಡಾರಂತೆ! ಚಿತ್ರ ಸರಿ ಮಾಡೀವಿ ಅಂತ ಮೆಸೇಜ್ ಬಂದೈತೆ!" ಉಚ್ಚೆಂಗೆಮ್ಮ ತವೆಯ ಮೇಲಿನ ರೊಟ್ಟಿಯನ್ನು ಹಾಗೇ ಬಿಟ್ಟೆದ್ದಳು. ಕೈಯ ಹಿಟ್ಟು ತೊಳೆದು, ಮುಖ ತೊಳೆದು, ಸೆರಗು ಸರಿ ಮಾಡಿಕೊಂಡಳು. ಗಂಡನೆದುರು ನಿಲ್ಲುವುದಕ್ಕೆ ಹೊರಟ ಹಾಗೆ ಹೊರಟಳು, ನಾಚಿಕೆಯೂ ಇತ್ತು, ಹೆದರಿಕೆಯೂ ಇತ್ತು.

ಹರಿಹರ ಬಂತು. ಬೇವಿನ ಮರ ಬಂತು. ಬುಷ್ರಾ ಗೆರೆ ಎಳೆದಳು, ಫೆಬ್ರವರಿ ಬಂತು. ಶೆಡ್ಡಿನ ಮುಂದೆ ಒಂದು ಬೂದು ಗೋಡೆಯಂಥ ಮಸುಕು ನಿಂತಿತ್ತು. ಮುಖವಿಲ್ಲ, ಶರ್ಟಿಲ್ಲ, ತಾಡಪತ್ರಿಯಿಲ್ಲ. ಎಡಗಡೆಯಿಂದ ನೋಡಿದರೂ ಅದೇ, ಬಲಗಡೆಯಿಂದ ನೋಡಿದರೂ ಅದೇ.

ಕನ್ನಡದಲ್ಲಿ ತೆಗೆ ಎಂಬ ಮಾತು ದೊಡ್ಡ ಮೋಸದ ಮಾತು. ಬಾಗಿಲು ತೆಗೆ ಎಂದರೆ ಬಾಗಿಲು ತೆರೆಯುತ್ತದೆ. ಕಸ ತೆಗೆ ಎಂದರೆ ಕಸ ಇಲ್ಲವಾಗುತ್ತದೆ. ಉಚ್ಚೆಂಗೆಮ್ಮ ಬಾಗಿಲು ಕೇಳಿದ್ದಳು, ಎಲ್ಲೋ ದೂರದಲ್ಲಿ ಅದನ್ನು ಓದಿದವರು ಕಸವೆಂದುಕೊಂಡರು. ಅವರನ್ನು ಬೈಯಲೂ ಬಾರದು. ಆ ಫಾರಂ ಇರುವುದೇ ತಮ್ಮನ್ನು ಅಳಿಸಿ ಎನ್ನುವವರಿಗಾಗಿ. ಬುಷ್ರಾ ಮೆಸೇಜನ್ನು ಈಗ ಕೊನೆಯವರೆಗೆ ಓದಿದಳು. ಒಮ್ಮೆ ಮರೆಮಾಡಿದ ಚಿತ್ರವನ್ನು ಮತ್ತೆ ಮೊದಲಿನಂತೆ ಮಾಡಲಾಗದು ಎಂದಿತ್ತು.

"ನಂದೇ ತಪ್ಪು ಅಕ್ಕಾ," ಎಂದು ಅವಳು ಅಳತೊಡಗಿದಳು. "ಊರಿನ ಅರ್ಜಿಯೆಲ್ಲ ತುಂಬ್ತೀನಿ, ನಿಮ್ಮದೊಂದು ಹಾಳು ಮಾಡಿದೆ."

ಉಚ್ಚೆಂಗೆಮ್ಮ ಬೈಯಲಿಲ್ಲ. "ಹೇಳಿದ್ದು ನಾನು ತಾಯಿ, ನೀನು ಬರೆದೆ ಅಷ್ಟೇ," ಎಂದಳು. ತನ್ನ ಫೋನು ಚಾಚಿದಳು. "ಪುಷ್ಪಾಗೆ ಹಚ್ಚು. ಶರ್ಟು ನೀನೂ ನೋಡೀಯಲ್ಲ, ನೀನೇ ಹೇಳು. ನಾನು ಹೇಳಿದ್ರೆ ಅವಳು ನಂಬಲ್ಲ."

ಬುಷ್ರಾ ಮೂಗು ಒರೆಸಿಕೊಂಡು, ಸ್ಪೀಕರ್ ಹಾಕಿ, ಎಲ್ಲವನ್ನೂ ಹೇಳಿದಳು. ಈ ಸಲ ಪುಷ್ಪಲತಾ ಫೋನ್ ಇಡಲಿಲ್ಲ, ಮಾತಾಡಿದಳು.

"ಅವ್ವಾ, ಅದು ಒಂದಿನದ ಮಾತಲ್ಲ. ಅಪ್ಪ ದಿನಾ ಅದನ್ನೇ ಹಾಕ್ಕೊಂತಿದ್ದ. ಸಂಜೆ ಒಗೆದು ಬೆಳಿಗ್ಗೆ ಮತ್ತೆ ಅದನ್ನೇ ಅಂತ ಅವನೇ ಹೇಳಿದ್ದ. ಶಿವರಾತ್ರಿಗೆ ಮುಂಚೆ ಒಂದಿನ ನಮ್ಮನಿಗೆ ಬಂದಿದ್ದ, ತೋಳೆಲ್ಲ ಮೇಣ ಆಗಿತ್ತು. ಯಾಕಪ್ಪಾ ಹೊಸಾ ಶರ್ಟು ಹಾಳು ಮಾಡ್ತಿ ಅಂದೆ. 'ನಿಮ್ಮವ್ವ ಯಾವಾಗ ಕರೀತಾಳೋ ಗೊತ್ತಿಲ್ಲ, ಕರೆದ ಕೂಡ್ಲೆ ಬಸ್ ಹತ್ತಬೇಕಲ್ಲ' ಅಂದ."

ಉಚ್ಚೆಂಗೆಮ್ಮ ಪರದೆಯ ಕಡೆ ನೋಡಲಿಲ್ಲ. "ಸಿಟ್ಟು ಇತ್ತೇನೇ?" ಎಂದಳು.

"ಎಲ್ಲಿ ಸಿಟ್ಟು? ನಗ್ತಿದ್ದ. ನೀನೇ ಹೋಗಪ್ಪಾ ಅಂದ್ರೆ, ಬ್ಯಾಡ, ಅವಳೇ ಕರೀಲಿ ಅಂದ." ಪುಷ್ಪಲತಾ ಬಿಕ್ಕಿದಳು. "ಇದನ್ನ ನಿನಗೆ ಹೆಂಗೆ ಹೇಳ್ಲಿ ಅವ್ವಾ? ಹೇಳಿದ್ರೆ ನೀನು ಉಳಿಯಲ್ಲ ಅನ್ನಿಸ್ತು. ಅದಕ್ಕೇ ಮಾತೇ ಆಡ್ತಿರ್ಲಿಲ್ಲ."

ಉಚ್ಚೆಂಗೆಮ್ಮ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಪುಷ್ಪಾ, ಆ ಇಪ್ಪತ್ತೆರಡೂ ದಿನ ನಾನೂ ಈ ಫೋನನ್ನ ಹಿಟ್ಟು ನಾದೋ ಕೊಣಿಗೆ ಪಕ್ಕದಾಗೇ ಇಟ್ಕೊಂಡು ರೊಟ್ಟಿ ಬಡೀತಿದ್ದೆ," ಎಂದಳು. "ಮೊದಲು ಅವರೇ ಮಾಡ್ಲಿ ಅಂತ."