ಇಲಿಗಳಿಗೆ ಕೊಂಡ ಅಗಸೆ

ಪ್ರಯೋಗಾಲಯದ ಇಲಿಗಳಿಗೆಂದು ವಿಜಯನಗರದಲ್ಲಿ ಅಗಸೆ ಬೀಜ ಕೊಂಡು ಉಲ್ಲಾಳದ ಸಿಟಿ ಬಸ್ಸು ಹತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಉತ್ತರ ಕರ್ನಾಟಕದ ಹೆಂಗಸು ಚೀಲ ನೋಡಿ, "ಚಟ್ನಿಗೇನ್ರಿ ಮೇಡಂ?" ಎಂದಳು.

"ಇಲ್ಲ, ಇಲಿಗೆ. ಇದರಲ್ಲಿ ಹೆಣ್ಣಿನ ಹಾರ್ಮೋನಿನಂಥ ಅಂಶ ಇದೆ. ತಿಂದರೆ ಬಸಿರಾಗೋದು ತಡವಾಗುತ್ತಾ ಅಂತ ನೋಡ್ತಾ ಇದೀವಿ."

ಅವಳ ಮುಖ ಸಣ್ಣದಾಯಿತು. "ನಮ್ಮತ್ತಿನೂ ಹಂಗ ಅಂತಾರ್ರಿ. ಮಕ್ಕಳಾಗವಲ್ವು, ಅಗಸಿ ಚಟ್ನಿ ಬಿಡು ಅಂತ. ನಮ್ಮವ್ವ ನೋಡಿದ್ರ ತಿನ್ನು, ಗರ್ಭಕ್ಕ ಚಲೋ ಅಂತಾಳ. ಯಾರದು ಖರೇರಿ?"

"ಇಲಿಗೆ ಮೇವಿನ ಹಾಗೆ ಸುರಿದರೆ ಋತುಚಕ್ರ ಏರುಪೇರಾಗಬಹುದು. ರೊಟ್ಟಿ ಜೊತೆಗಿನ ಒಂದು ಚಮಚದಿಂದ ಏನಾಗುತ್ತೋ ಅವರಿಬ್ಬರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಡಾಕ್ಟರಿಗೆ ತೋರಿಸಿದ್ರಾ?"

"ನನಗ ಎಲ್ಲಾ ಟೆಸ್ಟ್ ಆಗ್ಯಾವ್ರಿ. ಏನೂ ತೊಂದ್ರಿ ಇಲ್ಲಂತ."

"ನಿಮ್ಮ ಯಜಮಾನರಿಗೆ?"

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. "ಅವ್ರು ಅಗಸಿ ತಿನ್ನಂಗಿಲ್ರಿ."

ನಮ್ಮಲ್ಲಿ ಹೆಣ್ಣಿಲಿಗೆ ಒಂದು ಕಾಳು ತಿನ್ನಿಸುವ ಮೊದಲೇ ಗಂಡಿಲಿಯನ್ನು ಪರೀಕ್ಷಿಸಿರುತ್ತೇವೆ ಎಂದೆ. ಅವಳು ಕೇಳಿದಳು: "ನಿಮ್ಮ ಇಲಿಗೆ ಅತ್ತಿ ಇಲ್ಲೇನ್ರಿ?"

ಇಲ್ಲ. ನಮ್ಮ ಪ್ರಯೋಗ ಅಷ್ಟು ಸಲೀಸಾಗಿ ನಡೆಯುವುದೇ ಅದಕ್ಕೆ.