ಉಪ್ಪಿನಕಾಯಿಗೆ ಹಾಕಿದ ಕಾದಂಬರಿಗಳು

ಬೇಸಿಗೆ ಸೂಟಿಯಲ್ಲಿ ಮಕ್ಕಳನ್ನು ಆ ಕ್ಲಾಸು, ಈ ಕ್ಯಾಂಪು ಎಂದು ಕಳಿಸುವ ರೂಢಿ ಆಗಿನ್ನೂ ನಮ್ಮ ಕಡೆ ಕಾಲಿಟ್ಟಿರಲಿಲ್ಲ. ಕೊನೆಯ ಪೇಪರು ಬರೆದು ಬಂದ ಮರುದಿನವೇ ಅವ್ವ ನನ್ನನ್ನು ಬಸವನ ಬಾಗೇವಾಡಿಯಿಂದ ಕರೆದುಕೊಂಡು ಹೋಗಿ ಇಂಡಿ ಹತ್ತಿರದ ತನ್ನ ತವರೂರಲ್ಲಿ ಬಿಟ್ಟು ಬರುತ್ತಿದ್ದಳು. ಶಾಲೆ ಸುರುವಾಗುವವರೆಗೂ ನನ್ನ ಚಿಂತೆ ಅವಳಿಗಿಲ್ಲ, ಅವಳ ಚಿಂತೆ ನನಗಿಲ್ಲ. ತೊಂಬತ್ತರ ದಶಕದ ಅಂಥ ಎಷ್ಟೋ ಬೇಸಿಗೆಗಳು ಒಂದರೊಳಗೊಂದು ಕಲೆತುಹೋಗಿವೆ. ಆದರೆ ನಾನು ಆರನೆಯ ಇಯತ್ತೆ ಮುಗಿಸಿದ ವರ್ಷದ ಬೇಸಿಗೆ ಮಾತ್ರ ಬೇರೆಯಾಗಿ ಉಳಿದಿದೆ. ಆ ವರ್ಷ ನಮ್ಮ ಚಿಗವ್ವನ ಮದುವೆ ಒಂದು ಕಾದಂಬರಿಯಿಂದ ಮುರಿದು ಬೀಳುವುದರಲ್ಲಿತ್ತು.

ಅವ್ವನ ಅಪ್ಪ, ಅಂದರೆ ನಮ್ಮ ಮುತ್ಯಾನದು ನಿಂಬೆಯ ತೋಟ. ಬೇಸಿಗೆ ಬಂತೆಂದರೆ ತೋಟದ ಛಪ್ಪರದ ಕೆಳಗೆ ನಿಂಬೆಯ ರಾಶಿ ಬೀಳುತ್ತಿತ್ತು. ಸುತ್ತಲೂ ಹೆಣ್ಣುಮಕ್ಕಳು ಕೂತು ಹಣ್ಣು ಆರಿಸುವವರು. ಗಟ್ಟಿಯಾದ ಹಸಿರು ಕಾಯಿ ದೂರದ ಪೇಟೆಗೆ, ಹಳದಿ ಹಣ್ಣು ಊರ ಸಂತೆಗೆ, ಕಲೆ ಬಿದ್ದದ್ದು, ಸಿಪ್ಪೆ ಒಡೆದದ್ದು ಮನೆಯ ಉಪ್ಪಿನಕಾಯಿಗೆ. ಮಧ್ಯಾಹ್ನದ ಹೊತ್ತಿಗೆ ಛಪ್ಪರದ ತುಂಬ ಆ ಹುಳಿವಾಸನೆ ತುಂಬಿಕೊಂಡು, ರೊಟ್ಟಿ, ಶೇಂಗಾ ಹಿಂಡಿ ಉಂಡ ಕೈಯನ್ನು ಎಷ್ಟು ತೊಳೆದರೂ ಕೈಯಿಂದ ನಿಂಬೆಯ ವಾಸನೆಯೇ ಬರುತ್ತಿತ್ತು. ನಮ್ಮಂಥ ಹುಡುಗಿಯರು ಸಣ್ಣ ಕಾಯಿಗಳನ್ನು ಕದ್ದು ಹರಳಾಟ ಆಡುತ್ತಿದ್ದೆವು. ಅವ್ವನ ಅವ್ವ, ನಮ್ಮ ಆಯಿ ನೋಡಿದರೆ ಬೈಯುತ್ತಿದ್ದಳು, ಬೈದ ಮೇಲೆ ತಾನೇ ಬೆಲ್ಲದ ಪಾನಕ ಮಾಡಿ ಕೊಡುತ್ತಿದ್ದಳು.

ಚಿಗವ್ವನ ಹೆಸರು ಶಾಂತಾ. ಅವ್ವನ ಎಲ್ಲರಿಗಿಂತ ಸಣ್ಣ ತಂಗಿ. ಸಿಂದಗಿಯಲ್ಲಿ ಎರಡು ವರ್ಷ ಕಾಲೇಜು ಕಲಿತು ಬಂದಿದ್ದಳು. ಕಾಲೇಜು ಬಿಟ್ಟರೂ ಅಲ್ಲಿಯ ಲೈಬ್ರರಿಯ ಕಾರ್ಡು ಮಾತ್ರ ಬಿಟ್ಟಿರಲಿಲ್ಲ. ಮುತ್ಯಾ ಕೆಲಸದ ಮೇಲೆ ಸಿಂದಗಿಗೆ ಹೋದಾಗಲೆಲ್ಲ ಆ ಕಾರ್ಡು ಅವನ ಅಂಗಿಯ ಕಿಸೆಗೆ ಬೀಳುತ್ತಿತ್ತು. ಮುತ್ಯಾ ಕಾದಂಬರಿಯ ಹೆಸರು ನೋಡುತ್ತಿರಲಿಲ್ಲ, ಬರೆದವರ ಹೆಸರಂತೂ ಇಲ್ಲವೇ ಇಲ್ಲ. ಕೈಯಲ್ಲಿ ಹಿಡಿದು ತೂಕ ನೋಡಿ ದಪ್ಪನ್ನದನ್ನು ತರುತ್ತಿದ್ದ. ತೆಳ್ಳನ್ನ ಪುಸ್ತಕ ತಂದರೆ ಬಸ್ಸಿನ ಚಾರ್ಜು ದಂಡವಲ್ಲವೇ ಎನ್ನುವುದು ಅವನ ಲೆಕ್ಕ.

ತಂದ ಪುಸ್ತಕವನ್ನು ಚಿಗವ್ವ ಮೊದಲು ತಾನು ಓದುವಳು. ಆಮೇಲೆ ಅದು ನನ್ನ ಕೈಗೆ. ನಿಂಬೆ ಆರಿಸುವವರ ಮುಂದೆ ಜೋರಾಗಿ ಓದುವುದು ನನ್ನ ಕೆಲಸ. ಚಿಗವ್ವ ಯಾಕೆ ಓದುವುದಿಲ್ಲ ಅಂದರೆ, ನಾಲ್ಕು ಜನರ ಮುಂದೆ ಅವಳ ದನಿಯೇ ಏಳುತ್ತಿರಲಿಲ್ಲ. ನನಗೆ ಆ ತೊಂದರೆ ಆಗಲೂ ಇರಲಿಲ್ಲ, ಈಗಲೂ ಇಲ್ಲ. ತಲೆಕೆಳಗು ಮಾಡಿದ ಬುಟ್ಟಿಯ ಮೇಲೆ ಕೂತು ಓದತೊಡಗಿದರೆ ರಸ್ತೆಯಲ್ಲಿ ಹೋಗುವವರೂ ನಿಲ್ಲುತ್ತಿದ್ದರು. ಮುತ್ಯಾ ಪಕ್ಕದ ಹೊರಸಿನ ಮೇಲೆ ಮುಖಕ್ಕೆ ಟವೆಲ್ಲು ಹಾಕಿಕೊಂಡು ಮಲಗಿರುತ್ತಿದ್ದ. ನಿದ್ದೆ ಎಂದು ಹೇಳಿಕೊಳ್ಳುತ್ತಿದ್ದ, ಆದರೆ ನಗೆಯ ಸಂಗತಿ ಬಂದಾಗ ಟವೆಲ್ಲು ಕುಣಿಯುತ್ತಿತ್ತು.

ಓದು ಮುಗಿದಾಗ ತೀರ್ಪು. ಅದು ಹ್ಯಾಗೆ ಸುರುವಾಯಿತೋ ಗೊತ್ತಿಲ್ಲ, ಆ ಬೇಸಿಗೆಯ ಹೊತ್ತಿಗೆ ರೂಢಿಯಾಗಿತ್ತು. ಕಾದಂಬರಿ ಎಲ್ಲರಿಗೂ ಸೇರಿದರೆ ಅದು ದೂರದ ಪೇಟೆಗೆ. ಒಂದು ಸಲ ಕೇಳಬಹುದು ಅನ್ನುವಂಥದ್ದು ಊರ ಸಂತೆಗೆ. ಸೇರದಿದ್ದರೆ ಉಪ್ಪಿನಕಾಯಿಗೆ. ನಮ್ಮ ಛಪ್ಪರದಲ್ಲಿ ದೂರದ ಪೇಟೆ ಮುಟ್ಟಿದ ಕಾದಂಬರಿಗಳು ತೀರ ಕಡಿಮೆ. ಆರಿಸುವವರಲ್ಲಿ ಎಲ್ಲರಿಗಿಂತ ಹಿರಿಯಳಾದ ಸಿದ್ದವ್ವ ಬಹಳ ಕಟ್ಟುನಿಟ್ಟು. ನಾಯಕ ನಾಯಕಿ ನೂರು ಪುಟ ಮಳೆಯಲ್ಲಿ ತೋಯುವ ಒಂದು ಕಾದಂಬರಿಯನ್ನು, ಇವರಿಗೆ ಮಾಡಲು ಬೇರೆ ಬದುಕಿಲ್ಲೇನು ಎಂದು ನಡುವೆಯೇ ಉಪ್ಪಿನಕಾಯಿಗೆ ಹಾಕಿಸಿದ್ದಳು. ಕಿರಿಯಳಾದ ಕಸ್ತೂರಿಗೆ ಮಾತ್ರ ಅದು ಬಹಳ ಸೇರಿತ್ತು. ಅವಳು ಎರಡು ದಿನ ಸಿದ್ದವ್ವನ ಜೊತೆ ಮಾತು ಬಿಟ್ಟಳು.

ಆ ಬೇಸಿಗೆಯಲ್ಲೇ ಚಿಗವ್ವನನ್ನು ನೋಡಲು ಮುದ್ದೇಬಿಹಾಳದಿಂದ ಬಂದರು. ಹುಡುಗನದು ಕಿರಾಣಿ ಅಂಗಡಿ. ನೋಡಲು ಚೆನ್ನಾಗಿದ್ದ, ಮಾತು ಕಡಿಮೆ. ಚಾ ಕುಡಿಯುವಾಗ ಬಶಿಯನ್ನು ಸಪ್ಪಳ ಮಾಡದೆ ಇಟ್ಟನೆಂದು ಆಯಿಗೆ ಅವನು ಅಷ್ಟರಲ್ಲೇ ಸೇರಿಹೋದ. ಚಿಗವ್ವ ಬಾಗಿಲ ಸಂದಿಯಿಂದ ಎರಡು ಸಲ ನೋಡಿದ್ದನ್ನು ನಾನು ಕಣ್ಣಾರೆ ಕಂಡೆ. ಎಲ್ಲ ಮುಗಿದು ಏಳುವ ಹೊತ್ತಿಗೆ ಹುಡುಗನ ತಾಯಿ ನೀಲವ್ವನ ಕಣ್ಣು ಕಿಟಕಿಯಲ್ಲಿಟ್ಟಿದ್ದ ಪುಸ್ತಕಗಳ ಮೇಲೆ ಬಿತ್ತು. ನೀಲವ್ವನಿಗೆ ಕಿವಿ ಸ್ವಲ್ಪ ಮಂದ, ಹಾಗಾಗಿ ಅವಳ ಮಾತೆಂದರೆ ಓಣಿಗೆಲ್ಲ ಕೇಳುವಂಥದ್ದು.

"ಇವನ್ನ ಯಾರು ಓದ್ತಾರ್ರಿ? ನಮ್ಮ ಮನ್ಯಾಗ ಈ ಕಾದಂಬರಿ ಓದೂದು ನಡ್ಯಾಂಗಿಲ್ಲ ನೋಡ್ರಿ, ಮೊದಲ ಹೇಳಿಬಿಡ್ತೇನಿ."

ಮುತ್ಯಾ ನಕ್ಕು, ಮದುವೆಯಾದ ಮೇಲೆ ಓದಲು ಯಾರಿಗೆ ಪುರಸೊತ್ತು ಇರುತ್ತದೆ ಎಂದುಬಿಟ್ಟ. ಬಂದವರೂ ನಕ್ಕರು. ಮಾತು ಅಲ್ಲಿಗೇ ಮುಗಿಯಿತು ಎಂದು ಎಲ್ಲರೂ ತಿಳಿದರು. ಚಿಗವ್ವ ಚಾದ ಬಶಿಗಳನ್ನು ಒಳಗೆ ಒಯ್ದವಳು ಹೊರಗೆ ಬರಲಿಲ್ಲ.

ಮರುದಿನ ಬಾವಿಯ ಹತ್ತಿರ ಕೊಡ ತುಂಬುವಾಗ ನನ್ನ ಮುಂದೆ ಬಾಯಿಬಿಟ್ಟಳು. ಹುಡುಗ ಅವಳಿಗೆ ಒಪ್ಪಿಗೆ. ಆದರೆ ಆಯುಷ್ಯಪೂರ್ತಿ ಒಂದು ಪುಸ್ತಕ ಮುಟ್ಟದೆ ಇರುವುದು ಹ್ಯಾಗೆ? ಮುತ್ಯಾನ ಮುಂದೆ ಹೇಳಿಬಿಡು ಅಂದೆ. ಕಾದಂಬರಿಯ ಸಲುವಾಗಿ ಸಂಬಂಧ ಬಿಟ್ಟಳು ಎಂದು ಊರೆಲ್ಲ ನಗುತ್ತದೆ, ಅಪ್ಪನ ಮಾತು ನೆಲಕ್ಕೆ ಬೀಳುತ್ತದೆ ಎಂದಳು. ಆಗ ನನಗೆ ನಿಜವಾಗಿಯೂ ಅಳು ಬಂತು. ಅವಳ ಸಲುವಾಗಿ ಸ್ವಲ್ಪ, ನನ್ನ ಸಲುವಾಗಿ ಸ್ವಲ್ಪ. ಚಿಗವ್ವ ಓದುವುದು ಬಿಟ್ಟರೆ ನನ್ನ ಕೈಗೆ ಪುಸ್ತಕ ಕೊಡುವವರು ಯಾರು?

ಆ ವಾರ ಮುತ್ಯಾ ತೂಕ ನೋಡಿ ತಂದಿದ್ದ ಕಾದಂಬರಿಯ ಹೆಸರು ಈಗ ನೆನಪಿಲ್ಲ. ರಟ್ಟು ಹರಿದು ಯಾರೋ ಹಳೆ ಕ್ಯಾಲೆಂಡರಿನ ಹಾಳೆ ಹೊದಿಸಿದ್ದರು. ಕಥೆ ಮಾತ್ರ ಚೆನ್ನಾಗಿ ನೆನಪಿದೆ. ವಸುಧಾ ಎಂಬ ಹುಡುಗಿ ಬಹಳ ಚೆಂದ ಹಾಡುವಳು. ಅವಳಪ್ಪ ತನ್ನ ಗೆಳೆಯನ ಮಗನಿಗೆ ಅವಳನ್ನು ಕೊಡುತ್ತೇನೆಂದು ಮಾತು ಕೊಟ್ಟಿರುತ್ತಾನೆ. ಆ ಮನೆಯಲ್ಲಿ ಹಾಡು ನಿಷಿದ್ಧ. ಅಪ್ಪನ ಮಾತು ಉಳಿಸಬೇಕೆಂದು ಅವಳು ಬಾಯಿ ಮುಚ್ಚಿಕೊಂಡು ಮದುವೆಯಾಗುತ್ತಾಳೆ. ತಂಬೂರಿಯನ್ನು ಅಟ್ಟಕ್ಕೆ ಹಾಕುತ್ತಾಳೆ. ಆಮೇಲೆ ಪುಟಗಟ್ಟಲೆ ಕಣ್ಣೀರು.

ಅವಳು ತಂಬೂರಿಗೆ ಬಟ್ಟೆ ಸುತ್ತುವ ಪುಟಕ್ಕೆ ಬಂದಾಗ ಛಪ್ಪರದಲ್ಲಿ ಜಗಳ ಹತ್ತಿತು. ಸಿದ್ದವ್ವ ವಸುಧಾಳ ಪಾರ್ಟಿ. ಅಪ್ಪನ ಮಾನ ಉಳಿಸಿದ ಮಗಳು, ಇಂಥವಳು ಸಾವಿರಕ್ಕೊಬ್ಬಳು ಎಂದಳು. ಕಸ್ತೂರಿ ಸುಮ್ಮನಿರಲಿಲ್ಲ. ಹಾಡುವಾಗ ಇದ್ದ ಬಾಯಿ ಬೇಡವೆನ್ನಲು ಎಲ್ಲಿಗೆ ಹೋಗಿತ್ತು ಎಂದು ಕೇಳಿದಳು. ಉಳಿದವರು ಅರ್ಧ ಈ ಕಡೆ, ಅರ್ಧ ಆ ಕಡೆ. ಜಗಳದ ಭರದಲ್ಲಿ ಹಳದಿ ಹಣ್ಣು ಹಸಿರು ರಾಶಿಗೆ ಬೀಳತೊಡಗಿದವು. ಚಿಗವ್ವ ಒಬ್ಬಳೇ ತಲೆ ಎತ್ತದೆ ಆರಿಸುತ್ತಿದ್ದಳು.

ಆಗ ಮುತ್ಯಾ ಟವೆಲ್ಲು ತೆಗೆದು ಎದ್ದು ಕೂತ. ಅಲ್ಲಿಯವರೆಗೆ ಅವನು ಒಂದು ಕಾದಂಬರಿಯ ಬಗ್ಗೆಯೂ ಅಭಿಪ್ರಾಯ ಹೇಳಿದವನಲ್ಲ.

"ಇದನ್ನ ಬರದಾವಗ ಅಪ್ಪಂದ್ರ ಏನಂತ ಗೊತ್ತಿಲ್ಲ," ಅಂದ. "ಮಗಳು ಎದುರಿಗಿ ಬಂದು, ಯಪ್ಪಾ ನನಗಿದು ಬ್ಯಾಡ ಅಂದ್ರ ಯಾವ ಅಪ್ಪ ಕೇಳಾಂಗಿಲ್ಲ? ಅಪ್ಪ ಏನ ಹುಲಿ ಅದಾನೇನು? ತಪ್ಪ ಆ ಹುಡುಗೀದ ಐತಿ. ಬಾಯಿ ಬಿಟ್ಟು ಒಂದ ಮಾತು ಹೇಳಬೇಕಾಗಿತ್ತು. ಹಾಕ್ರಿ ಇದನ್ನ ಉಪ್ಪಿನಕಾಯಿಗಿ."

ಎಲ್ಲರೂ ಹೌದೆಂದು ಗೋಣು ಹಾಕುತ್ತಿದ್ದರು. ಚಿಗವ್ವ ಕೈಯಲ್ಲಿದ್ದ ನಿಂಬೆಯನ್ನು ಯಾವ ರಾಶಿಗೂ ಹಾಕದೆ ಹಿಡಿದುಕೊಂಡಿದ್ದಳು.

"ಹಂಗಾರ ನಾ ಹೇಳ್ತೇನಿ ಯಪ್ಪಾ," ಅಂದಳು. "ಹುಡುಗ ಛಲೋ ಅದಾನ. ಆದ್ರ ಓದಾಕ ಬಿಡದ ಮನಿಗಿ ನಾ ಹೋಗಾಂಗಿಲ್ಲ."

ದನಿ ಬಹಳ ಸಣ್ಣದಿತ್ತು, ಆದರೆ ಛಪ್ಪರದಲ್ಲಿ ಯಾರಿಗೂ ಕೇಳದೆ ಉಳಿಯಲಿಲ್ಲ. ಮುತ್ಯಾ ಅವಳನ್ನು ನೋಡಿದ. ಆಮೇಲೆ ಸುತ್ತಲಿದ್ದ ಹೆಣ್ಣುಮಕ್ಕಳನ್ನು ನೋಡಿದ. ಅವರೆಲ್ಲ ನಿಂಬೆ ಬಿಟ್ಟು ಅವನನ್ನೇ ನೋಡುತ್ತಿದ್ದರು. ಹುಲಿಯಲ್ಲ ಎಂದು ಹೇಳಿ ಒಂದು ನಿಮಿಷವೂ ಆಗಿರಲಿಲ್ಲ. ಅವನು ಮತ್ತೆ ಹೊರಸಿನ ಮೇಲೆ ಉರುಳಿ ಟವೆಲ್ಲು ಮುಖಕ್ಕೆ ಎಳೆದುಕೊಂಡ. ಸಿಟ್ಟಾದನೆಂದು ನಾವೆಲ್ಲ ತಿಳಿದೆವು. ಆಮೇಲೆ ಟವೆಲ್ಲಿನ ಒಳಗಿನಿಂದ ಮಾತು ಬಂತು.

"ಸುಮಿ, ಯಾಕ ನಿಂತಿ? ಓದು. ಆಕೀದು ಮುಂದ ಏನಾತು?"

ಮರುದಿನ ಮುಂಜಾನೆ ಮುತ್ಯಾ ಮಡಿಕೆ ಮುರಿಯದ ಧೋತರ ಉಟ್ಟು, ರುಮಾಲು ಸುತ್ತಿಕೊಂಡು, ಒಂದು ಕೈಚೀಲದ ತುಂಬ ದೂರದ ಪೇಟೆಯ ನಿಂಬೆ ತುಂಬಿಕೊಂಡು ಮುದ್ದೇಬಿಹಾಳಕ್ಕೆ ಹೊರಟ. ಆಯಿ ಹಿಂದಿನಿಂದ ಗೊಣಗುತ್ತಲೇ ಇದ್ದಳು, ಇದು ಯಾವ ಶಾಣ್ಯಾತನ, ಬೀಗರು ಏನಂದಾರು ಎಂದು. ಅಂದು ಛಪ್ಪರದಲ್ಲಿ ಕಾದಂಬರಿ ಓದಲಿಲ್ಲ. ಚಿಗವ್ವ ಊಟವನ್ನೂ ಮಾಡಲಿಲ್ಲ. ಹೊತ್ತು ಇಳಿದಂತೆ ಬಸ್ಸಿನ ಸಪ್ಪಳ ಕೇಳಿದಾಗಲೆಲ್ಲ ಅವಳು ಎದ್ದು ರಸ್ತೆಯ ಕಡೆ ನೋಡುವಳು. ಸಿದ್ದವ್ವ, ನಿನ್ನೆ ವಸುಧಾಳ ಪಾರ್ಟಿಯಾಗಿದ್ದವಳು, ಸಂಬಂಧ ಹೋದರೆ ಹೋಗಲಿ, ನೂರು ಸಿಗುತ್ತವೆ ಎಂದು ಧೈರ್ಯ ಹೇಳಿದಳು.

ದೀಪ ಹಚ್ಚುವ ಹೊತ್ತಿಗೆ ಮುತ್ಯಾ ಬಂದ. ಕೈಚೀಲ ಖಾಲಿಯಾಗಿತ್ತು. ನೀರು ಕುಡಿದು, ಕಾಲು ತೊಳೆದು, ನಮ್ಮೆಲ್ಲರನ್ನೂ ಬೇಕಂತಲೇ ಕಾಯಿಸಿ ಆಮೇಲೆ ಹೇಳಿದ. ನೀಲವ್ವನಿಗೆ ಕಾದಂಬರಿಯ ಮೇಲೆ ಸಿಟ್ಟಿರಲಿಲ್ಲ. ಸಿಟ್ಟು ಹಿರಿಯ ಸೊಸೆಯ ಮೇಲೆ. ಅವಳೂ ಓದುವವಳೇ. ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದಳೆಂದರೆ ಅತ್ತೆ ಕರೆದರೂ ಕೇಳುವುದಿಲ್ಲ, ಒಬ್ಬಳೇ ನಗುತ್ತಾಳೆ, ಒಬ್ಬಳೇ ಕಣ್ಣು ಒರೆಸಿಕೊಳ್ಳುತ್ತಾಳೆ. ನೀಲವ್ವನಿಗೆ ಅಕ್ಷರ ಬರುವುದಿಲ್ಲ. ಅವಳು ಹೇಳಿ ಕಳಿಸಿದ್ದನ್ನು ಮುತ್ಯಾ ಅವಳದೇ ದೊಡ್ಡ ದನಿಯಲ್ಲಿ ಹೇಳಿ ತೋರಿಸಿದ.

"ನಾ ಗ್ವಾಡಿ ನೋಡ್ಕೋತ ಎಷ್ಟಂತ ಕುಂಡ್ರಲಿ? ಓದ್ಲಿ, ಬ್ಯಾಡನ್ನಾಂಗಿಲ್ಲ. ಆದ್ರ ನನಗೂ ಕೇಳೂವಂಗ ಓದಬೇಕು."

ಆಯಿ ನಕ್ಕಳು, ನಾನು ಕುಣಿದೆ. ಚಿಗವ್ವನ ಮುಖ ಮಾತ್ರ ಇನ್ನಷ್ಟು ಇಳಿಯಿತು. ನಾಲ್ಕು ಜನರ ಮುಂದೆ ದನಿ ಏಳದವಳಿಗೆ ಕಿವಿ ಮಂದವಾದ ಅತ್ತೆ ಗಂಟುಬಿದ್ದಿದ್ದಳು. ಆದರೆ ಅವಳು ಬೇಡವೆನ್ನಲಿಲ್ಲ.

ಸೂಟಿ ಮುಗಿಯುವವರೆಗೂ ಆಮೇಲೆ ಚಿಗವ್ವನದೇ ಓದು. ನನ್ನ ಬುಟ್ಟಿ ಅವಳಿಗೆ ಹೋಯಿತು, ಅವಳ ಜಾಗದಲ್ಲಿ ಕೂತು ನಾನು ನಿಂಬೆ ಆರಿಸಿದೆ. ಮೊದಲ ದಿನ ಮೂರು ಸಾಲು ಓದಿ ನಿಲ್ಲಿಸಿದಳು. ಇರುವೆಗೆ ಕೇಳಿಸಲು ಓದುತ್ತೀಯೇನು ಎಂದು ಸಿದ್ದವ್ವ ಕಾಡಿದಳು. ಕಸ್ತೂರಿ ರಾಶಿಯ ಆಚೆ ತುದಿಗೆ ಹೋಗಿ ಕೂತು, ನಾನು ನಿಮ್ಮತ್ತೆ, ನನಗೆ ಕೇಳಲೇ ಇಲ್ಲ ಎನ್ನುವಳು. ದಿನಾ ಅವಳು ಒಂದಿಷ್ಟು ಹಿಂದೆ ಸರಿದು ಕೂತಳು, ದಿನಾ ಚಿಗವ್ವನ ದನಿ ಒಂದಿಷ್ಟು ಮುಂದೆ ಬಂತು. ಒಂದು ಮಧ್ಯಾಹ್ನ ಕಸ್ತೂರಿ ಬಾವಿಯ ಕಟ್ಟೆಯ ಮೇಲೆ ಕೂತು, ಕೇಳಿತು ಎಂದು ಕೈ ಎತ್ತಿದಳು. ಅಂದು ಮುತ್ಯಾ ಟವೆಲ್ಲು ಹಾಕಿಕೊಳ್ಳದೆ, ಎದ್ದು ಕೂತೇ ಕೇಳಿದ.

ಮದುವೆಯ ಮುಂದಿನ ದಸರೆ ಸೂಟಿಗೆ ಮುದ್ದೇಬಿಹಾಳಕ್ಕೆ ಹೋಗಿದ್ದೆ. ಹಿತ್ತಲಲ್ಲಿ ಶೇಂಗಾ ಬಿಡಿಸುತ್ತ ನೀಲವ್ವ ಕೂತಿದ್ದಳು, ಚಿಗವ್ವ ಓಣಿಗೆ ಕೇಳುವಂತೆ ಓದುತ್ತಿದ್ದಳು. ಹಿರಿಯ ಸೊಸೆ ತನ್ನ ಪುಸ್ತಕವನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡು ಇದನ್ನೇ ಕೇಳುತ್ತಿದ್ದಳು. ಯಾರೋ ನಾಯಕ ಹಡಗು ಹತ್ತಿ ಹೆಂಡತಿಯನ್ನು ಬಿಟ್ಟುಹೋದ ಕೂಡಲೇ ನೀಲವ್ವ ಒಂದು ಹುಳುಕು ಶೇಂಗಾ ಎಸೆದು, ಇದನ್ನ ಉಪ್ಪಿನಕಾಯಿಗೆ ಹಾಕು ಎಂದಳು. ನಮ್ಮ ಛಪ್ಪರದ ತೀರ್ಪು ಚಿಗವ್ವನ ಜೊತೆ ಅಲ್ಲಿಗೂ ಹೋಗಿತ್ತು.

ನಾನೀಗ ವಿಜಯಪುರದಲ್ಲಿದ್ದೇನೆ. ಹೊಸ ಕಾದಂಬರಿ ಬಂದರೆ ಕೊಳ್ಳುತ್ತೇನೆ, ಎರಡು ರಾತ್ರಿಯಲ್ಲಿ ಮುಗಿಸುತ್ತೇನೆ, ನಾಲ್ಕು ಸಾಲು ಅಭಿಪ್ರಾಯ ಬರೆದು ಫೋನಿನಲ್ಲಿ ಹಾಕುತ್ತೇನೆ. ಗುರುತಿಲ್ಲದವರು ಹೆಬ್ಬೆರಳು ತೋರಿಸುತ್ತಾರೆ. ಕಾದಂಬರಿಯ ಸಲುವಾಗಿ ನನ್ನ ಜೊತೆ ಎರಡು ದಿನ ಮಾತು ಬಿಟ್ಟವರು ಈ ಇಪ್ಪತ್ತು ವರ್ಷಗಳಲ್ಲಿ ಒಬ್ಬರೂ ಇಲ್ಲ. ನಾನು ಬರೆಯುವುದೆಲ್ಲ ನನ್ನೊಬ್ಬಳ ಅಭಿಪ್ರಾಯ, ಅದನ್ನು ಅಡ್ಡಹಾಕಲು ಸಿದ್ದವ್ವನಿಲ್ಲ. ಮನೆಯಲ್ಲಿ ಮಗಳು, ಗಂಡ, ನಾನು ಮೂವರೂ ಓದುತ್ತೇವೆ, ಮೂವರೂ ಸುಮ್ಮನೆ.

ಮೊನ್ನೆ ಚಿಗವ್ವನಿಗೆ ಫೋನು ಮಾಡಿ, ಈಚೆಗೆ ಏನು ಓದಿದೆ ಎಂದು ಕೇಳಿದೆ. ನಾಲ್ಕೈದು ಹೆಸರು ಹೇಳಿದಳು. ಹ್ಯಾಗಿವೆ ಎಂದರೆ, ಎಲ್ಲ ಚಲೋ ಅದಾವ ಅಂದಳು. ಎಲ್ಲವೂ ಚಲೋ ಇರಲು ಹ್ಯಾಗೆ ಸಾಧ್ಯ ಎಂದು ನಕ್ಕೆ. ಅವಳು ನಗಲಿಲ್ಲ.

"ಅತ್ತಿ ಹೋದಮ್ಯಾಲ ಸುಮ್ಮನ ಮನಸ್ಸಿನ್ಯಾಗ ಓದ್ಕೋತೇನಿ ಸುಮಿ," ಅಂದಳು. "ಒಂದನ್ನೂ ಉಪ್ಪಿನಕಾಯಿಗಿ ಹಾಕಿಲ್ಲ ನೋಡು."