ಮಾವ ಸಾರಿದ ಮಾತು

ನಮ್ಮ ಮಾವ ಯರ್ರೆಪ್ಪ ಊರಿಗೆ ಡಂಗುರ ಸಾರುವವರು. ಹಡಗಲಿ ಕಡೆ, ಹೊಳೆದಂಡೆಯ ಊರು ನಮ್ಮದು. ಮೇಲೆ ಮಳೆ ಜೋರಾದರೆ ಹಲಗೆ ಬಡಿದು, “ಹೊಳಿ ಬರ್ತೈತಿ, ಮ್ಯಾಲಕ್ಕ ಬರ್ರೋ!” ಎಂದು ಕೂಗುತ್ತಿದ್ದರು. ಅಷ್ಟಕ್ಕೇ ನಡುಗಡ್ಡೆಯ ಕುರಿಗಾರರು ಕುರಿ ಹೊಡೆದುಕೊಂಡು ದಂಡೆ ಹತ್ತುತ್ತಿದ್ದರು.

ತೊಂಬತ್ತೆರಡರಲ್ಲಿ ಜೀಪಿನಲ್ಲಿ ಬಂದ ಸಾಹೇಬನೊಬ್ಬ ಚೀಟಿ ಓದಿ ಬಾಯಿಪಾಠ ಮಾಡಿಸಿದ: ‘ಪ್ರವಾಹದ ಮುನ್ನೆಚ್ಚರಿಕೆ ನೀಡಲಾಗಿದೆ.’

“ಹಂಗಂದ್ರ ಏನ್ರಿ ಸಾಹೇಬ್ರ?”

“ಅದನ್ನ ಕಟ್ಕೊಂಡು ನಿನಗೇನು? ಇದ್ದಂಗ ಕೂಗು.”

ಮಾವ ಹಾಗೇ ಕೂಗಿದರು. ಕುರಿಗಾರ ಓಬಳೇಶಪ್ಪ ನಡುಗಡ್ಡೆಯಿಂದಲೇ, “ಯರ್ರೆಪ್ಪಣ್ಣ, ಅದನ್ನ ಯಾವತ್ತು ಹಂಚ್ತಾರ?” ಎಂದು ಕೇಳಿದನಂತೆ.

“ನಂಗೇನ್ ಗೊತ್ತಲೇ, ರೇಷನ್ ಕಾರ್ಡ್ ಹಿಡ್ಕಂಡು ಬಾ!” ಎಂದು ಮಾವ ನಕ್ಕರಂತೆ. ಬುತ್ತಿ ತಂದಿದ್ದ ಅವನ ಹೆಂಡತಿ ಮಾಳಮ್ಮ ದಂಡೆಯ ಮೇಲೇ ನಿಂತಿದ್ದಳು.

ಬೆಳಗಾಗುವುದರೊಳಗೆ ಹೊಳೆ ಬಂತು. ನಾಲ್ಕು ಕುರಿಯ ಹೆಣ ಸಿಕ್ಕವು. ಓಬಳೇಶಪ್ಪ ಸಿಗಲಿಲ್ಲ.

ಮಾವ ಮತ್ತೆ ಹಲಗೆ ಮುಟ್ಟಲಿಲ್ಲ. ಊರು ಅವರಿಗೆ ‘ಪ್ರವಾಹ’ ಎಂದೇ ಹೆಸರಿಟ್ಟಿತು. ಮಾಳಮ್ಮ ಮಾತ್ರ ಹಾಗನ್ನುವುದಿಲ್ಲ. ಎದುರು ಸಿಕ್ಕಾಗಲೆಲ್ಲ “ಗೊತ್ತಿದ್ದೂ ನಕ್ಕಿ, ಗೊತ್ತಿದ್ದೂ ಕೊಂದಿ” ಅನ್ನುತ್ತಾಳೆ. ಹನ್ನೊಂದು ವರ್ಷವಾಯಿತು. ಆ ಮಾತಿನ ಅರ್ಥ ತನಗೂ ಗೊತ್ತಿರಲಿಲ್ಲವೆಂದು ಅವಳು ಒಮ್ಮೆ ನಂಬಿದರೆ ಸಾಕು, ಮಾವನಿಗೆ ಬೇರೆ ಆಸೆಯಿಲ್ಲ.

ಮೊನ್ನೆ ಮಗುವಿಗೆ ಗಂಜಿ ಕುಡಿಸುತ್ತಿದ್ದಾಗ ಮಾವ ಬಂದರು.

“ಅರ್ಚನಾ, ನೀ ಹತ್ತನೇ ಕ್ಲಾಸ್ ಓದಿದಾಕಿ. ಆ ‘ಪ್ರವಾಹ’ ಅನ್ನೋ ಮಾತು ಎಲ್ಲೀದು ನೋಡವ್ವ.”

ನಿಘಂಟು ತೆಗೆದೆ. ಮಾತು ಸಂಸ್ಕೃತದ್ದು. ‘ವಹ’ ಎಂದರೆ ಹೊರುವುದು, ‘ಪ್ರ’ ಎಂದರೆ ಮುಂದಕ್ಕೆ. ಮುಂದಕ್ಕೆ ಹೊತ್ತೊಯ್ಯುವುದು.

“ನಮ್ಮ ಮಾತಲ್ಲ, ಹೌದಿಲ್ಲೋ? ಮತ್ತ ನನಗ ಹೆಂಗ ತಿಳೀಬೇಕು!” ಮಾವ ಆಗಲೇ ಟವೆಲ್ಲು ಹೆಗಲಿಗೆ ಹಾಕಿಕೊಂಡಿದ್ದರು. “ನಡಿ, ಆಕಿಗೆ ಓದಿ ಹೇಳು.”

ಮಾಳಮ್ಮ ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದಳು. ಮಗುವನ್ನು ಸೊಂಟಕ್ಕೇರಿಸಿಕೊಂಡೇ ಓದಿದೆ. ಪೂರ್ತಿ ಕೇಳಿದಳು.

“ಈಗ ತಿಳೀತೇನು ಅರ್ಥ?” ಎಂದು ಮಾವನನ್ನು ಕೇಳಿದಳು.

“ತಿಳೀತವ್ವ.”

“ಹಂಗಾದ್ರ ನಡುಗಡ್ಡಿ ಕಡಿ ಮಾರಿ ಮಾಡು. ಅವಂಗ ತಿಳಿಯಂಗ ಕೂಗು.”

ಒಗೆಯುವವರೆಲ್ಲ ಕೈ ನಿಲ್ಲಿಸಿದರು. ಯಾರೋ ಕಿಸಕ್ಕೆಂದರು. ಮಾವ ನನ್ನ ಮುಖ ನೋಡಿದರು. ನಾನು ಮಗುವಿನ ಮೂಗು ಒರೆಸಿದೆ.

“ಹೊಳಿ ಬರ್ತೈತಿ, ಮ್ಯಾಲಕ್ಕ ಬರ್ರೋ!”

ಮಾಳಮ್ಮ ಸೀರೆ ಹಿಂಡುತ್ತ ಅಂದಳು, “ಕೇಳಿಸ್ಲಿಲ್ಲ ಅವಂಗ. ಇನ್ನೊಮ್ಮಿ.”